ಐತಣ್ಣನ ಅರಿಶಿನ ದಾರ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಚೆನ್ನೈನ ಬೆಸೆಂಟ್ ನಗರದ ಅಡ್ಡರಸ್ತೆಯೊಂದರ ತಗಡಿನ ಶೆಡ್ಡಿನ ಮುಂದೆ ಬೂದು ಬಣ್ಣದ ಹಳೆಯ ಕಾರೊಂದು ಬಾನೆಟ್ ಎತ್ತಿಕೊಂಡು ನಿಂತಿದೆ. ರಾತ್ರಿಯಿಡೀ ಅಲ್ಲೇ ತಣ್ಣಗಾಗಲು ಬಿಟ್ಟಿದ್ದ ಗಾಡಿ. ಐತಣ್ಣ ಕೀಲಿ ತಿರುಗಿಸುತ್ತಾರೆ. ಎಂಜಿನ್ ಎದ್ದು, ಎರಡು ಸಲ ಕೆಮ್ಮಿ, ಇನ್ನೇನು ಆರಿಯೇ ಹೋಯಿತು ಅನ್ನುವಾಗ ಹೇಗೋ ಜೀವ ಹಿಡಿದುಕೊಳ್ಳುತ್ತದೆ. ಏನೋ ಕೇಳಲು ಬಾಯಿ ತೆರೆದ ನನಗೆ ಅವರು ಅಂಗೈ ಎತ್ತಿ ತೋರಿಸುತ್ತಾರೆ. ಸುಮ್ಮನಿರಿ ಅಂತ ಅರ್ಥ. ಪೇಪರಿನವರೆಂಬ ಮುಲಾಜು ಅವರಿಗಿಲ್ಲ.

ಅವರ ಒಂದು ಕೈ ಮಡ್‌ಗಾರ್ಡಿನ ಮೇಲಿದೆ. ಇನ್ನೊಂದು ಕೈಯಲ್ಲಿ ಒಂದು ಮೊಳ ಉದ್ದದ ರಬ್ಬರ್ ಪೈಪು, ಅದರ ಒಂದು ತುದಿ ಕಿವಿಗೆ. ಮತ್ತೊಂದು ತುದಿಯನ್ನು ಎಂಜಿನ್ ಸುತ್ತ ನಿಧಾನವಾಗಿ ಆಡಿಸುತ್ತಾ ಒಂದು ಕಡೆ ನಿಲ್ಲುತ್ತಾರೆ. ಅಲ್ಲಿರುವ ಕಪ್ಪು ಕೊಳವೆಯನ್ನು ಬೆರಳುಗಳಿಂದ ಅಮುಕಿ ಹಿಡಿದರೆ ಎಂಜಿನ್ನಿನ ನಡುಕ ಗಪ್‌ಚುಪ್. ಬೆರಳು ತೆಗೆದರೆ ಮತ್ತೆ ನಡುಕ. ಆಮೇಲೆ ಜೇಬಿನಿಂದ ಪುಟ್ಟ ಕತ್ತರಿ ತೆಗೆದು, ಆ ಕೊಳವೆಗೆ ಕಟ್ಟಿದ್ದ, ಎಣ್ಣೆ ಕುಡಿದು ಕಪ್ಪಾದ ದಾರವೊಂದನ್ನು ಕತ್ತರಿಸಿ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಾರೆ.

"ಎಂಬತ್ತೊಂದು," ಅನ್ನುತ್ತಾರೆ, ನನಗಲ್ಲ, ಡಬ್ಬಿಗೆ.

ಕಿವಿಯಿಂದಲೇ ಎಂಜಿನ್ನಿನ ಕಾಯಿಲೆ ಹಿಡಿಯುವ ಮೆಕ್ಯಾನಿಕ್ ಒಬ್ಬರಿದ್ದಾರೆ, ಬೆಳಕು ಹರಿಯುವ ಮೊದಲೇ ಹೋಗಬೇಕು ಎಂದು ಯಾರೋ ಹೇಳಿದ್ದರಿಂದ ನಾನು ನಿದ್ದೆಗೆಟ್ಟು ಇಲ್ಲಿಗೆ ಬಂದೆ. ಬಂದ ಮೇಲೆ ತಿಳಿಯಿತು, ಅರವತ್ತಮೂರು ವರ್ಷದ ಈ ಐತಣ್ಣ ಎರಡು ವರ್ಷದಿಂದ ಹುಡುಕುತ್ತಿರುವುದು ಬೇರೆಯವರ ತಪ್ಪನ್ನಲ್ಲ, ತಮ್ಮದೇ ತಪ್ಪನ್ನು. ಆ ಕಪ್ಪು ದಾರ ಒಂದು ಕಾಲದಲ್ಲಿ ಅರಿಶಿನ ಬಣ್ಣದ್ದು. ಕಟ್ಟಿದವರು ಅವರೇ.

ಬೆಳಗಿನ ಜಾವವೇ ಯಾಕೆ ಎಂದರೆ ಅವರ ಉತ್ತರ ಸರಳ. "ಆರು ಗಂಟೆಯ ನಂತರ ಬಸ್ಸು ಶುರು, ಆಟೋ ಶುರು, ಎಲ್ಲರ ಬಾಯೂ ಶುರು. ಮತ್ತೆ ಎಂತ ಕೇಳ್ತದೆ ಮಾರಾಯ್ರೆ? ಓಡುವ ವಂಡಿದು ಕಾಯಿಲೆ ಯಾರು ಬೇಕಾದ್ರೂ ಹೇಳ್ತಾರೆ. ನಿಂತ ವಂಡಿದು ಹೇಳುದು ಕಷ್ಟ." ವಂಡಿ ಎಂದರೆ ತಮಿಳಿನಲ್ಲಿ ಗಾಡಿ. ಕಾರು ನಿಂತಿರುವಾಗ, ಆಕ್ಸಿಲರೇಟರ್ ಮುಟ್ಟದಿದ್ದರೂ ಎಂಜಿನ್ ತನ್ನಷ್ಟಕ್ಕೆ ತಾನು ಓಡುತ್ತದಲ್ಲ, ಅದಕ್ಕೆ ಐಡಲ್ ಎನ್ನುತ್ತಾರೆ. ಅದು ಒರಟಾದರೆ ಸಿಗ್ನಲ್ಲಿನಲ್ಲಿ ಗಾಡಿ ಮೈನಡುಗಿ ಆರಿಹೋಗುತ್ತದೆ. ಅಂಥ ಗಾಡಿ ಹಿಂದಿನ ಸಂಜೆಯೇ ಬಂದು ಶೆಡ್ಡಿನ ಮುಂದೆ ನಿಲ್ಲಬೇಕು, ಬೆಳಿಗ್ಗೆ ಮೊದಲ ಸಲ ಅವರೇ ಎಬ್ಬಿಸಬೇಕು. ಈ ನಿಯಮಕ್ಕೆ ಮಂತ್ರಿಯ ಕಾರಿಗೂ ರಿಯಾಯಿತಿ ಇಲ್ಲವಂತೆ. ಮಂತ್ರಿಯ ಕಾರು ಇಲ್ಲಿಯತನಕ ಬಂದಿಲ್ಲ ಅನ್ನುವುದು ಬೇರೆ ಮಾತು.

ಕಾರ್ಕಳದ ಕಡೆಯ ಐತಣ್ಣ ಹದಿನೆಂಟನೇ ವಯಸ್ಸಿನಲ್ಲಿ ಮದರಾಸಿಗೆ ಬಂದದ್ದು ಎಂಜಿನ್ ಬಿಚ್ಚುವುದಕ್ಕಲ್ಲ, ಪೊಟ್ಟಣ ಕಟ್ಟುವುದಕ್ಕೆ. ಪುರಸೈವಾಕ್ಕಂನ ಬಟ್ಟೆ ಅಂಗಡಿಗಳ ಸಾಲಿನಲ್ಲಿ ಆಗ ಊರ ಕಡೆಯವರೊಬ್ಬರ ಸಸ್ಯಾಹಾರಿ ಹೋಟೆಲಿತ್ತು. ಅದರ ಪಾರ್ಸಲ್ ಕೌಂಟರಿನಲ್ಲಿ ಇವರು. ಮೇಲೆ ಸೂರಿಗೆ ನೇತುಹಾಕಿದ ದಾರದ ಉಂಡೆ, ಕೆಳಗೆ ಬಾಳೆಎಲೆ, ಹಳೆಯ ಪೇಪರು. ದೀಪಾವಳಿ ಬಟ್ಟೆಗೆ ಬಂದವರ ಗದ್ದಲದಲ್ಲಿ ದಿನಕ್ಕೆ ನಾನೂರು, ಐನೂರು ಪೊಟ್ಟಣ. "ಸಾಂಬಾರು ಬಸ್ಸಿನಲ್ಲಿ ಆವಡಿವರೆಗೆ ಹೋದ್ರೂ ಒಂದು ತೊಟ್ಟು ಚೆಲ್ಲಬಾರ್ದು. ಅಂಥ ಗಂಟು ನನ್ನದು. ಎಳೆದಷ್ಟೂ ಬಿಗಿ," ಎನ್ನುವಾಗ ಅವರ ಬೆರಳುಗಳು ಇಲ್ಲದ ದಾರವನ್ನು ಗಾಳಿಯಲ್ಲಿ ಸುತ್ತುತ್ತವೆ. ಈ ಗಂಟನ್ನು ನೆನಪಿಡಿ.

ಕೌಂಟರಿನ ಹಿಂದೆಯೇ ಹಿಟ್ಟು ರುಬ್ಬುವ ಯಂತ್ರಗಳು. ರಾತ್ರಿ ಮಲಗುವುದೂ ಅದರ ಪಕ್ಕದಲ್ಲೇ. ಉದ್ದು ನುಣ್ಣಗಾದಾಗ ರುಬ್ಬುವ ಸದ್ದು ಬದಲಾಗುತ್ತದೆ, ಅದನ್ನು ನಿದ್ದೆಯಲ್ಲೇ ತಿಳಿದು ಎದ್ದು ಸ್ವಿಚ್ ಆರಿಸುವಷ್ಟು ಅವರ ಕಿವಿ ಪಳಗಿತು. ಒಂದು ದಿನ ಧಣಿಗಳ ಅಂಬಾಸಡರ್ ಹೋಟೆಲಿನ ಬಾಗಿಲಲ್ಲೇ ಲಟಪಟ ಅನ್ನುತ್ತಾ ನಿಂತಿತು. ಪಕ್ಕದ ಬೀದಿಯ ಮೆಕ್ಯಾನಿಕ್ ತಮ್ಮಯ್ಯ, ಮಂಡ್ಯದ ಕಡೆಯವರು, ಬಂದು ಬಾನೆಟ್ ಎತ್ತಿದರು. ಪೊಟ್ಟಣ ಕಟ್ಟುತ್ತಿದ್ದ ಐತಣ್ಣ ತಲೆ ಎತ್ತದೆ, "ನಾಲ್ಕರಲ್ಲಿ ಒಂದು ರುಬ್ಬುತ್ತಾ ಇಲ್ಲ," ಅಂದರಂತೆ. ತಮ್ಮಯ್ಯ ಪ್ಲಗ್ಗುಗಳನ್ನು ಒಂದೊಂದೇ ಬಿಚ್ಚಿ ನೋಡಿದರೆ ಮೂರನೆಯದು ಸತ್ತಿತ್ತು. ಮರುವಾರ ಐತಣ್ಣನ ಕೈಯಲ್ಲಿ ದಾರದ ಬದಲು ಸ್ಪ್ಯಾನರ್.

ಆ ದಿನಗಳ ಮಾತು ಬಂದರೆ ಐತಣ್ಣನ ಕೆಲಸ ನಿಲ್ಲುತ್ತದೆ, ನನಗಂತೂ ಅದೇ ಬೇಕಿತ್ತು. ಆಗ ಮದರಾಸಿನಲ್ಲಿ ಕಾರು ಅಂದರೆ ಎರಡೋ ಮೂರೋ ಬಗೆ. ಯಾವ ಬೀದಿಯಲ್ಲಿ ಯಾರ ಕಾರು ಬಂತು ಎಂದು ಮನೆಯೊಳಗೆ ಕೂತೇ ಹೇಳಬಹುದಿತ್ತು. ಐಡಲ್ ಸರಿಮಾಡುವುದು ಎಂದರೆ ಕಾರ್ಬುರೇಟರಿನ ಒಂದು ಸಣ್ಣ ತಿರುಪನ್ನು ಕಾಲು ಸುತ್ತು ಆಚೆ, ಅರ್ಧ ಸುತ್ತು ಈಚೆ ತಿರುಗಿಸುವುದು. ತಿರುಗಿಸಿ, ಗಾಡಿಯನ್ನು ಹಾಗೇ ಓಡಲು ಬಿಟ್ಟು, ಗುರುಶಿಷ್ಯರಿಬ್ಬರೂ ಹೋಟೆಲಿಗೆ ಹೋಗಿ ಕಾಫಿ ಕುಡಿದು ಬರುತ್ತಿದ್ದರು. ವಾಪಸು ಬರುವಾಗಲೂ ಎಂಜಿನ್ ಅದೇ ಶ್ರುತಿಯಲ್ಲಿದ್ದರೆ ಕೆಲಸ ಮುಗಿಯಿತು. "ತಮ್ಮಯ್ಯ ಮೇಸ್ತ್ರಿ ಬಾಗಿಲಲ್ಲೇ ನಿಂತು ಕಣ್ಣು ಮುಚ್ಚಿ ಕೇಳ್ತಿದ್ರು. ತಲೆ ಆಡಿಸಿದ್ರೆ ಪಾಸು. ಅವರು ಹೋಗಿ ಹತ್ತೊಂಬತ್ತು ವರ್ಷ ಆಯ್ತು. ಈಗಲೂ ಒಂದು ಎಂಜಿನ್ ಸರಿಯಾದ ಕೂಡ್ಲೆ ನಾನು ಹಿಂದೆ ತಿರುಗಿ ನೋಡುದುಂಟು," ಎಂದು ಅವರು ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಾರೆ.

ಸ್ವಂತ ಕೈಯಿಂದ ಮೊದಲ ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿದ್ದು ಒಂದು ಆಯುಧಪೂಜೆಯ ದಿನ. ಆ ಸಂಭ್ರಮಕ್ಕೆ ಐತಣ್ಣ ಹಳೆಯ ಹೋಟೆಲಿನಿಂದ ಪಾರ್ಸಲ್ ದಾರ ತಂದು, ಅಡುಗೆಮನೆಯ ಅರಿಶಿನದಲ್ಲಿ ಅದ್ದಿ, ಎಂಜಿನ್ನಿಗೆ ಒಂದು ಗಂಟು ಹಾಕಿದರು. ಅದೇ ರೂಢಿಯಾಯಿತು. ದೊಡ್ಡ ಕೆಲಸ ಮುಗಿದ ಪ್ರತಿ ಗಾಡಿಗೂ ಒಂದು ಅರಿಶಿನ ದಾರ. ಕಬ್ಬಿಣದ ಮೇಲೆ ಕಟ್ಟಿದರೆ ಸುಡುತ್ತದೆ, ವೈರಿಗೆ ಕಟ್ಟುವಂತಿಲ್ಲ. ಬಾನೆಟ್ ಎತ್ತಿದೊಡನೆ ಎದುರಿಗೇ ಕಾಣುವ, ಹೆಚ್ಚು ಬಿಸಿಯಾಗದ ಜಾಗವೆಂದರೆ ಬ್ರೇಕಿಗೆ ಹೋಗುವ ದಪ್ಪ ರಬ್ಬರ್ ಕೊಳವೆ. ಕಟ್ಟುತ್ತಿದ್ದದ್ದು ಅಲ್ಲೇ, ಅದೇ ಹೋಟೆಲಿನ ಗಂಟಿನಲ್ಲಿ. ದಾರ ಕಂಡರೆ ಸಾಕು, ಇದು ಐತನ ಕೈ ಎಂದು ಊರೆಲ್ಲ ಗುರುತು ಹಿಡಿಯುತ್ತಿತ್ತು.

ಎಡವಟ್ಟು ಬೆಳಕಿಗೆ ಬಂದದ್ದು ಜಗದೇವಿಯವರ ಕಾರಿನಿಂದ. ಕಲಬುರಗಿಯವರಾದ ಜಗದೇವಿ ಇಲ್ಲಿನ ಕಾಲೇಜೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಅರವತ್ತೆಂಟು ವಯಸ್ಸು. ಪ್ರತಿ ಸೋಮವಾರ ತಾವೇ ಕಾರು ಓಡಿಸಿಕೊಂಡು ತಿರುವೊಟ್ಟಿಯೂರಿನ ಶಿವನ ಗುಡಿಗೆ ಹೋಗುತ್ತಾರೆ. ಎರಡು ವರ್ಷದ ಹಿಂದೆ ಅವರ ಕಾರಿಗೆ ನಡುಕ ಶುರುವಾಯಿತು. "ಸಿಗ್ನಲ್‌ನಾಗ ನಿಂತ್ರ ಸಾಕು, ಜ್ವರ ಬಂದವರಂಗ ಥರಥರ ಅಂತಿತ್ತು. ಕಾಲು ಒತ್ತಿದ್ರ ಮತ್ತ ಸುಮ್ಮನ. ಮೂರು ವರ್ಕ್‌ಶಾಪ್ ತಿರುಗಿದೆ. ಪ್ಲಗ್ ಹೊಸಾವು, ಫಿಲ್ಟರ್ ಹೊಸಾದು, ಕಂಪ್ಯೂಟರ್ ಹಚ್ಚಿ ನೋಡಿದ್ರು. ನಡುಕ ಮಾತ್ರ ಹಳೇದೇ," ಎಂದು ಅವರು ನಗುತ್ತಾರೆ. ಒಂದು ಸೋಮವಾರ ಮೇಲ್ಸೇತುವೆಯ ಏರಿನಲ್ಲಿ ಎಂಜಿನ್ ಪೂರ್ತಿ ಆರಿತು. ಬ್ರೇಕ್ ಪೆಡಲು ಕಲ್ಲಿನ ಹಾಗೆ ಗಟ್ಟಿ, ಒತ್ತಿದರೂ ಹಿಡಿಯದು. ಕಾರು ಹಿಂದಕ್ಕೆ ಜಾರಿ ಹಿಂದಿದ್ದ ಆಟೋಗೆ ತಾಗಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ಆಟೋದಲ್ಲಿ ಮಡಿಲಲ್ಲಿ ಮಗು ಇಟ್ಟುಕೊಂಡ ಹೆಂಗಸೊಬ್ಬಳಿದ್ದಳು. ಅವಳ ಮುಖ ಇವತ್ತಿಗೂ ಕಣ್ಣ ಮುಂದಿದೆ ಎನ್ನುತ್ತಾರೆ ಜಗದೇವಿ.

ಅದಕ್ಕೂ ಒಂಬತ್ತು ವರ್ಷದ ಹಿಂದೆ ಆ ಕಾರಿನ ಎಂಜಿನ್ ಬಿಚ್ಚಿ ಕಟ್ಟಿದ್ದ ಐತಣ್ಣನ ನೆನಪು ಜಗದೇವಿಯವರಿಗೆ ಆಗ ಬಂತು. ಮರುದಿನ ಬೆಳಗಿನ ಜಾವ ಐತಣ್ಣ ಒಂದೊಂದೇ ಪ್ಲಗ್ಗಿನ ವೈರು ಕಳಚಿ ನೋಡಿದರು. ಯಾವುದನ್ನು ಕಳಚಿದರೂ ಎಂಜಿನ್ ಒಂದೇ ಅಳತೆಗೆ ಕುಸಿಯಿತು, ಅಂದರೆ ನಾಲ್ಕೂ ಸಿಲಿಂಡರುಗಳು ಸಮನಾಗಿ ದುಡಿಯುತ್ತಿವೆ. ವೇಗ ಕೊಟ್ಟರೆ ನಡುಕವಿಲ್ಲ, ಬ್ರೇಕ್ ಒತ್ತಿದರೆ ಜಾಸ್ತಿ. ಹಾಗಾದರೆ ಎಲ್ಲೋ ಕದ್ದು ಗಾಳಿ ನುಗ್ಗುತ್ತಿದೆ. ಪೈಪು ಕಿವಿಗಿಟ್ಟು ಹೊರಟರೆ, ಸುಯ್ಯೆನ್ನುವ ಸದ್ದು ಬರುತ್ತಿದ್ದದ್ದು ತಾವೇ ಕಟ್ಟಿದ ದಾರದ ಕೆಳಗಿನಿಂದ.

"ದಾರದ ಮೇಲೆ ಕೈ ಮುಚ್ಚಿದೆ, ಎಂಜಿನ್ ಸರಿ. ಕೈ ತೆಗೆದೆ, ನಡುಕ. ಮೂರು ಸಲ ನೋಡಿದೆ. ಮೂರೂ ಸಲ ಅದೇ," ಎನ್ನುತ್ತಾರೆ ಐತಣ್ಣ. ಸಡಿಲವಾಗದ ಆ ಗಂಟು ಒಂಬತ್ತು ವರ್ಷ ರಬ್ಬರನ್ನು ಕಚ್ಚಿ ಕಚ್ಚಿ ಸೀಳಿತ್ತು. ಆ ಕೊಳವೆಯೇ ಎಂಜಿನ್ ಗಾಳಿ ಹೀರುವ ಎಳೆತವನ್ನು ಬ್ರೇಕಿಗೆ ತಲುಪಿಸುವುದು. ಅದು ಸೋರಿದರೆ ಐಡಲ್ಲೂ ಕೆಡುತ್ತದೆ, ಎಂಜಿನ್ ಆರಿದ ಗಳಿಗೆಯಲ್ಲಿ ಬ್ರೇಕ್ ಪೆಡಲೂ ಒತ್ತಲಾಗದಷ್ಟು ಬಿಗಿಯಾಗುತ್ತದೆ. ಹಾಗಾದರೆ ಮೂರು ವರ್ಕ್‌ಶಾಪಿನವರಿಗೆ ಕಾಣಲಿಲ್ಲವೇ? ದಾರ ಎಲ್ಲರಿಗೂ ಕಂಡಿತ್ತು. ಆದರೆ ಅರಿಶಿನದ ದಾರ, ದೇವರದು. "ಸಾಮಿ ಕಯಿರು", ದೇವರ ದಾರ ಎಂದು ಪ್ರತಿಯೊಬ್ಬರೂ ಕೈ ಮುಗಿದು, ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬಿಚ್ಚಿದ್ದರು.

ಕೊಳವೆ ಬದಲಾಯಿಸಿ, ದಾರವನ್ನು ಜೇಬಿಗೆ ಹಾಕಿಕೊಂಡು ಸುಮ್ಮನಾಗಿದ್ದರೆ ಲೋಕಕ್ಕೆ ಗೊತ್ತಾಗುತ್ತಿರಲಿಲ್ಲ. ಐತಣ್ಣ ಆ ದಾರವನ್ನು ಜಗದೇವಿಯವರ ಅಂಗೈಯಲ್ಲಿ ಇಟ್ಟರು. "ಇದು ನಾನು ಮಾಡಿದ್ದು ಮೇಡಂ," ಅಂದರು. ಅವರು ಬೈಯಲಿಲ್ಲ. ಗಣಿತದ ಟೀಚರಲ್ಲವೇ, ಒಂದೇ ಪ್ರಶ್ನೆ ಕೇಳಿದರು. "ಇಂಥಾವು ಒಟ್ಟು ಎಷ್ಟು ಕಟ್ಟೀರಿ?"

ಐತಣ್ಣ ಬೆರಳು ಮಡಚಿ ಎಣಿಸಲು ಶುರುಮಾಡಿದರು, ಬೆರಳು ಸಾಲಲಿಲ್ಲ.

ವರ್ಷಕ್ಕಿಷ್ಟು ದೊಡ್ಡ ಕೆಲಸ, ಅದರಲ್ಲಿ ಗುಜರಿಗೆ ಹೋದವಿಷ್ಟು, ಇಂಥ ಬ್ರೇಕಿಲ್ಲದ ತೀರಾ ಹಳೆಯವಿಷ್ಟು ಎಂದು ಜಗದೇವಿ ಪೇಪರಿನ ಮೇಲೆ ಲೆಕ್ಕ ಹಾಕಿದರು. ಸುಮಾರು ನೂರು ಗಾಡಿ ಇನ್ನೂ ರಸ್ತೆಯ ಮೇಲಿರಬಹುದು ಎಂದು ಬಂತು. ಅವತ್ತಿನಿಂದ ಐತಣ್ಣನ ದಿನಚರಿ ಬದಲಾಗಿದೆ. ನಾಲ್ಕಕ್ಕೆ ಏಳುತ್ತಾರೆ. ಬೆಳಗಿನ ಜಾವ ಒಂದೋ ಎರಡೋ ಗಾಡಿಯ ಐಡಲ್, ಹತ್ತರಿಂದ ನಾಲ್ಕರವರೆಗೆ ಹೊಟ್ಟೆಪಾಡಿನ ಕೆಲಸ, ಸಂಜೆ ದಾರದ ಬೇಟೆ. ಇವತ್ತಿನ ತನಕ ಸಿಕ್ಕಿದ್ದು ಎಂಬತ್ತೊಂದು. ಅವುಗಳಲ್ಲಿ ಹದಿಮೂರು ಕೊಳವೆಗಳು ಸೀಳಿದ್ದವು. ಹೊಸ ಕೊಳವೆ ಇವರದೇ ಖರ್ಚು.

ಮಾಡಿದ ಒಳ್ಳೆಯದಕ್ಕೆ ಮೆಚ್ಚುಗೆ ಸಿಕ್ಕಿತೇ ಎಂದರೆ, ಅದೂ ಇಲ್ಲ. ತಾನೇ ಕೆಡಿಸಿದ್ದೇನೆಂದು ತಾನೇ ಸಾರುವ ಮೆಕ್ಯಾನಿಕ್ಕಿನ ಹತ್ತಿರ ಯಾರು ಗಾಡಿ ಬಿಡುತ್ತಾರೆ? ಅರ್ಧಕ್ಕರ್ಧ ಗಿರಾಕಿ ಹೋದರು. ಅಕ್ಕಪಕ್ಕದ ಶೆಡ್ಡಿನವರು ಕಯಿರು ಐತ ಎಂದು ಅಡ್ಡಹೆಸರಿಟ್ಟರು. ಇನ್ನು ಕೆಲವರದು ಉಲ್ಟಾ ಕಾಟ, ದಾರ ಮುಟ್ಟಲೇ ಬಿಡುವುದಿಲ್ಲ. ಪುರಸೈವಾಕ್ಕಂನ ಹಳೆಯ ಧಣಿಗಳ ಮಗ ಕೃಷ್ಣರಾಜ ಈಗ ಆ ಹೋಟೆಲಿನ ಯಜಮಾನ. "ಈ ದಾರ ಕಟ್ಟಿದ ಮೇಲೆಯೇ ನಮಗೆ ಎರಡನೇ ಬ್ರಾಂಚ್ ಆದದ್ದು ಐತಣ್ಣ, ಕತ್ತರಿ ಒಳಗಿಡಿ," ಎಂದು ಕಾರಿಗೆ ಅಡ್ಡ ನಿಂತರಂತೆ. ಮೂರು ಸಲ ಹೋಗಿ ಬಂದ ಐತಣ್ಣ ನಾಲ್ಕನೇ ಸಲ ಉಪಾಯ ಮಾಡಿದರು. ಅದೇ ದಾರವನ್ನು ಬಿಡಿಸಿ ತಂದು ಪಾರ್ಸಲ್ ಕೌಂಟರಿನ ಕೊಕ್ಕೆಗೆ ಕಟ್ಟಿಕೊಟ್ಟರು. ಆಮೇಲೆ ಪಾರ್ಸಲ್ ವ್ಯಾಪಾರ ಏರಿದೆ ಎಂದು ಕೃಷ್ಣರಾಜ ನನ್ನೆದುರು ಆಣೆ ಮಾಡಿದ್ದಾರೆ.

ಮನೆಯಲ್ಲಿ ಹೆಂಡತಿ ಗುಣವತಿ ಮೊದಮೊದಲು ರೇಗಿದ್ದುಂಟು. ಇದ್ದ ಗಿರಾಕಿಗಳನ್ನೂ ಕಳೆದುಕೊಂಡು ಊರು ಸುತ್ತುತ್ತಾರಲ್ಲ ಎಂಬ ಸಿಟ್ಟು. ಈಗ ಅವರೇ ಬಿಸ್ಕತ್ತಿನ ಡಬ್ಬಿಯ ಕಾವಲು. "ಇವರಿಗೆ ನಿದ್ದೆ ಬರುದು ಆ ಡಬ್ಬಿ ತುಂಬಿದ ಹಾಗೆ. ಬಾಕಿ ಇರುವುದರಲ್ಲಿ ಒಂದು ವ್ಯಾನು ಉಂಟು ನೋಡಿ, ಅದು ಸಿಗುವವರೆಗೆ ನನಗೂ ನಿದ್ದೆ ಇಲ್ಲ," ಎನ್ನುತ್ತಾರೆ. ಮಗಳು ಪ್ರಣಮ್ಯಾ ಒಳಗಿನಿಂದ ತಮಿಳಿನಲ್ಲಿ ಏನೋ ಅಂದು ನಗುತ್ತಾಳೆ. ಕನ್ನಡದಲ್ಲಿ ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರಿಸುವುದು ಆ ಮನೆಯ ಪದ್ಧತಿ. ಅಪ್ಪನಿಗೆ ಆ ವ್ಯಾನಿನ ಮೇಲೆಯೇ ಪ್ರೀತಿ ಜಾಸ್ತಿ ಅಂದಳಂತೆ.

ಅವರು ಹೇಳಿದ ಆ ಒಂದು, ತಿರುವೊಟ್ಟಿಯೂರಿನ ಬಿಳಿ ವ್ಯಾನು. ಹನ್ನೆರಡು ವರ್ಷದ ಹಿಂದೆ ದಾರ ಕಟ್ಟಿದಾಗ ಅದು ಶಾಲೆಯ ಮಕ್ಕಳನ್ನು ಒಯ್ಯುತ್ತಿತ್ತು. ಬೇರೆ ಇಪ್ಪತ್ತು ಕಾರು ಸಿಗದಿದ್ದರೂ ಐತಣ್ಣನಿಗೆ ಅಷ್ಟು ಚಿಂತೆಯಿಲ್ಲ, ಈ ವ್ಯಾನು ಮಾತ್ರ ಎದೆಯ ಮೇಲೆ ಕೂತಿದೆ. "ಹದಿನಾಲ್ಕು ಮಕ್ಕಳು ಕೂರ್ತಿದ್ರು ಅದ್ರಲ್ಲಿ. ಬ್ರೇಕ್ ಪೈಪಿಗೆ ನನ್ನ ಗಂಟು. ಅನ್ನ ಹೇಗೆ ಇಳಿತದೆ ಹೇಳಿ?" ಎನ್ನುತ್ತಾರೆ. ಮಾಲೀಕ ತೀರಿಕೊಂಡಿದ್ದಾನೆ, ವ್ಯಾನು ಕೈ ಬದಲಾಗಿದೆ, ನಂಬರು ನೆನಪಿಲ್ಲ. ಇರುವ ಗುರುತು ಒಂದೇ. ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ಪು ಮುರಿದಿದ್ದಕ್ಕೆ ಅವತ್ತು ಒಂದು ಸ್ಟೀಲ್ ಚಮಚ ಬಗ್ಗಿಸಿ ಸಿಕ್ಕಿಸಿದ್ದರು. ಐಡಲ್‌ನಲ್ಲಿ ಅದು ಟಿಣ್ ಟಿಣ್ ಅನ್ನುತ್ತಿತ್ತು. ಆ ಚಮಚದ ಸದ್ದಿಗಾಗಿ ಹದಿನಾಲ್ಕು ತಿಂಗಳಿಂದ ಅವರು ತಿರುವೊಟ್ಟಿಯೂರಿನ ಶಾಲೆಗಳ ಗೇಟಿನಲ್ಲಿ ಕಿವಿಗೊಟ್ಟು ನಿಲ್ಲುತ್ತಿದ್ದಾರೆ. ಮಕ್ಕಳ ಶಾಲೆಯ ಮುಂದೆ ದಿನಾ ಬಂದು ನಿಲ್ಲುವ ಈ ಮುದುಕ ಯಾರು ಎಂದು ಒಮ್ಮೆ ವಾಚ್‌ಮನ್ ಹಿಡಿದು ಕೂರಿಸಿದ್ದ. ಜಗದೇವಿ ಹೋಗಿ ಬಿಡಿಸಿಕೊಂಡು ಬಂದರು.

ಇಷ್ಟೆಲ್ಲ ಕೇಳಿದ ಮೇಲೆ, ಕಳೆದ ಸೋಮವಾರ ನಾನೂ ಅವರ ಜೊತೆ ಹೊರಟೆ. ಜಗದೇವಿಯವರದೇ ಕಾರು, ಅವರೇ ಡ್ರೈವರು. ದಾರಿಯುದ್ದಕ್ಕೂ ಸಿಗ್ನಲ್ಲುಗಳಲ್ಲಿ ಎಂಜಿನ್ ಓಡುತ್ತಿದೆಯೋ ಇಲ್ಲವೋ ಎಂದು ಸಂಶಯ ಬರುವಷ್ಟು ನುಣ್ಣಗಿನ ಐಡಲ್. ನಮ್ಮ ಪಕ್ಕ ನಿಂತ ಬ್ಯಾಟರಿ ಕಾರೊಂದನ್ನು ನೋಡಿ ಐತಣ್ಣ, "ಅದಕ್ಕೆ ಐಡಲೇ ಇಲ್ಲ. ನಿಂತ್ರೆ ನಿಂತೇ ಹೋಯ್ತು. ಪಾಪ," ಅಂದರು. ಕಾರಿಗೆ ಪಾಪ ಅಂದರೋ, ಮುಂದಿನ ಮೆಕ್ಯಾನಿಕ್ಕುಗಳಿಗೋ, ನಾನು ಕೇಳಲಿಲ್ಲ. ಎರಡು ಶಾಲೆಯ ಗೇಟು ಮುಗಿಸಿದೆವು, ಗುಡಿಯಲ್ಲಿ ಕೈ ಮುಗಿದೆವು. ಹೊರಗೆ ಬಂದು ಮೀನು ಇಳಿಸುವ ಜಾಗದ ಪಕ್ಕ ನಡೆಯುತ್ತಿರುವಾಗ ಐತಣ್ಣ ಗಕ್ಕನೆ ನಿಂತರು. ಅಂಗೈ ಎತ್ತಿದರು. ನಾವಿಬ್ಬರೂ ಬಾಯಿ ಮುಚ್ಚಿದೆವು.

ಟಿಣ್. ಟಿಣ್. ಟಿಣ್.

ನೀಲಿ ಬಣ್ಣ ಬಳಿದ ವ್ಯಾನೊಂದು ಐಸ್ ಪೆಟ್ಟಿಗೆ ತುಂಬಿಕೊಳ್ಳುತ್ತಾ ಓಡುವ ಎಂಜಿನ್ನಿನಲ್ಲೇ ನಿಂತಿದೆ. ಐತಣ್ಣ ಓಡಿದರು, ಅರವತ್ತಮೂರು ವರ್ಷದವರು ಓಡಬಾರದ ವೇಗದಲ್ಲಿ. ಡ್ರೈವರಿಗೆ ಕೈ ಮುಗಿದು ತಮಿಳಿನಲ್ಲಿ ಏನೇನೋ ಹೇಳಿ, ಎಂಜಿನ್ ಆರಿಸಿ, ಮುಂದಿನ ಸೀಟು ಎತ್ತಿಸಿದರು. ಆ ವ್ಯಾನಿನ ಎಂಜಿನ್ ಇರುವುದು ಸೀಟಿನ ಕೆಳಗೆ. ಬಗ್ಗಿದ ಚಮಚ ಅಲ್ಲೇ ಇತ್ತು, ಹಿಡಿಯ ಮೇಲೆ ಹೋಟೆಲಿನ ಹೆಸರಿನ ಅರ್ಧ ಅಕ್ಷರ ಸಮೇತ. ಕತ್ತರಿ ಹಿಡಿದ ಕೈ ಇನ್ನಷ್ಟು ಒಳಗೆ ಹೋಯಿತು, ತಡಕಾಡಿತು, ಹಾಗೇ ನಿಂತಿತು.

ದಾರ ಇರಲಿಲ್ಲ. ಕೊಳವೆಯೂ ಹೊಸದು.

"ಆ ಕಯಿರಾ?" ಅಂದ ಡ್ರೈವರ್. ತಾನು ವ್ಯಾನು ಕೊಂಡ ವರ್ಷ ಗಾಡಿ ಸಿಗ್ನಲ್ಲಿನಲ್ಲೆಲ್ಲ ಆರುತ್ತಿತ್ತು. ಎಣ್ಣೂರಿನ ಕಡೆಯ ಒಬ್ಬ ಮೆಕ್ಯಾನಿಕ್ ನೋಡಿದವನೇ ದಾರ ಕಿತ್ತು ಎಸೆದು, ಪೈಪು ಬದಲಾಯಿಸಿದ. ಸಾಮಿ ಕಯಿರು ಅಲ್ಲವಾ ಎಂದದ್ದಕ್ಕೆ, ಯಾವ ಮಡೆಯ, ಯಾವ ಪೆದ್ದ ಬ್ರೇಕ್ ಪೈಪಿಗೆ ಗಂಟು ಹಾಕಿದ್ದು ಎಂದು ಅರ್ಧ ಗಂಟೆ ಬೈದನಂತೆ. ಅವನ ಹೆಸರು ಡ್ರೈವರಿಗೆ ನೆನಪಿಲ್ಲ. ಶೆಡ್ಡು ಇದ್ದ ಜಾಗದಲ್ಲಿ ಈಗ ಬೇರೆ ಕಟ್ಟಡ ಎದ್ದಿದೆ.

ಜಗದೇವಿ ಮುಖ ಆಚೆ ತಿರುಗಿಸಿದರು. ನಾನು ಐತಣ್ಣನನ್ನು ನೋಡಲು ಹೆದರಿದೆ. ಆದರೆ ಅವರ ಮುಖದಲ್ಲಿ ನಗು. ಡ್ರೈವರಿನ ಹೆಗಲು ಹಿಡಿದು, "ಎಂತ ಬೈದ, ಇನ್ನೊಮ್ಮೆ ಹೇಳಪ್ಪ," ಅಂದರು. ಅವನು ಇನ್ನೊಮ್ಮೆ ಹೇಳಿದ. ಐತಣ್ಣ ಹಬ್ಬದ ಊಟ ಮುಗಿಸಿದವರ ಹಾಗೆ ತಲೆಯಾಡಿಸಿದರು. ನಗುತ್ತಲೇ ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು.

ವಾಪಸು ಬರುವಾಗ ಅದೇ ಮೇಲ್ಸೇತುವೆಯ ಏರಿನಲ್ಲಿ ಟ್ರಾಫಿಕ್ ನಿಂತಿತು. ಕಾರು ಅಲುಗಲಿಲ್ಲ.

"ಎಲ್ಲರೂ ಕೈ ಮುಗಿದು ಬಿಟ್ಟದ್ದನ್ನು ಅವನೊಬ್ಬ ಕಿತ್ತನಲ್ಲ ಮೇಡಂ," ಅಂದರು ಐತಣ್ಣ. "ನನಗೆ ಅವನನ್ನು ಒಮ್ಮೆ ನೋಡ್ಬೇಕು."

"ನೋಡಿ ಏನ್ ಮಾಡ್ತೀರಿ?" ಕೇಳಿದರು ಜಗದೇವಿ.

"ಆ ಮಡೆಯ ನಾನೇ ಅಂತ ಹೇಳ್ಬೇಕು. ಮತ್ತೆ ಒಂದು ಕಾಫಿ ಕುಡಿಸ್ಬೇಕು."